ಷೋಕೇಸಿನ ಸೆಟ್ಟು ಹಾಡಬೇಕಾದರೆ

"ಅಪ್ಪನ ಕಾಲದ ಸೆಟ್ಟು ಸಾರ್. ಇಟ್ಕೊಳ್ಳೋದಾ, ಗುಜರಿಗೆ ಹಾಕೋದಾ?" ಹಳೆಯ ರೇಡಿಯೊ, ರೆಕಾರ್ಡ್ ಪ್ಲೇಯರ್ ಬಿಚ್ಚಿಕೊಂಡು ಕೂರುವ ಚಟ ನನಗಿದೆ ಎಂದು ಗೊತ್ತಿರುವವರು ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದು: "ನಿನ್ನೆ ಆನ್ ಮಾಡಿ ನೋಡಿದ್ವಿ, ಸ್ವಲ್ಪ ಹೊಗೆ ಬಂತು. ಪರವಾಗಿಲ್ಲ ಅಲ್ವಾ?" ಈ ಎರಡನೆಯ ಪ್ರಶ್ನೆ ಕೇಳುವ ಪ್ರಮೇಯವೇ ಯಾರಿಗೂ ಬರದಿರಲಿ ಎಂದು ಈ ಸಲದ ಬರಹ.

ಹಳೆಯ ಹೈ-ಫೈ ಸೆಟ್ಟುಗಳ ವಿಷಯದಲ್ಲಿ ಒಂದು ಸಮಾಧಾನವಿದೆ. ಅವುಗಳಲ್ಲಿ ಮಾಡಲು ಕಷ್ಟವಾದ, ಬೆಲೆಬಾಳುವ ಭಾಗಗಳಿಗೆ ಆಯಸ್ಸು ಜಾಸ್ತಿ. ಟ್ರಾನ್ಸ್‌ಫಾರ್ಮರ್, ಎರಕ ಹೊಯ್ದ ತಿರುಗುತಟ್ಟೆ, ಮೋಟಾರು, ಸ್ಪೀಕರಿನ ಅಯಸ್ಕಾಂತ, ಮರದ ಪೆಟ್ಟಿಗೆ ಐವತ್ತು ವರ್ಷ ಕಳೆದರೂ ಹೆಚ್ಚಾಗಿ ಹಾಗೇ ಇರುತ್ತವೆ. ಕೈಕೊಡುವುದೆಲ್ಲ ಅಗ್ಗದ ಸಾಮಾನು: ಕಂಡೆನ್ಸರು, ರಬ್ಬರ್ ಬೆಲ್ಟು, ಸ್ಪೀಕರಿನ ಅಂಚಿನ ಫೋಮು, ಗಟ್ಟಿಯಾದ ಗ್ರೀಸು, ಕಿಲುಬು ಹಿಡಿದ ಸ್ವಿಚ್ಚು. ಆದ್ದರಿಂದ ರಿಪೇರಿಯೆಂದರೆ ಅಗ್ಗದ್ದನ್ನು ಬದಲಿಸಿ, ದುಬಾರಿಯದನ್ನು ಮುಟ್ಟದೆ ಬಿಡುವ ಕೆಲಸ. ಈ ಎರಡನೆಯ ಅರ್ಧವೇ ಜನಕ್ಕೆ ಕಷ್ಟ. ಬಿಚ್ಚಿದ ಮೇಲೆ ಕೈ ಸುಮ್ಮನಿರುವುದಿಲ್ಲ.

ಮನೆಯಲ್ಲಿ ಕೇಳುವ ದನಿ ಹಾಡಿದವರ ದನಿಯಂತೆಯೇ ಇರಬೇಕೆಂಬ ಹಟ ಬಲಿತದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. 1947ರಲ್ಲಿ ಬ್ರಿಟನ್ನಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್‌ಸನ್ ಎಂಬ ಎಂಜಿನಿಯರ್ ಒಂದು ವಾಲ್ವ್ ಆಂಪ್ಲಿಫೈಯರಿನ ನಕ್ಷೆ ಪ್ರಕಟಿಸಿದರು. ಅದನ್ನು ನೋಡಿಕೊಂಡು ಓದುಗರು ಮನೆಯಲ್ಲೇ ಬೆಸುಗೆ ಹಾಕಿ ಆಂಪ್ಲಿಫೈಯರ್ ಕಟ್ಟಿಕೊಂಡರು. ಮರುವರ್ಷ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ ತಂದಿತು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬವರು, ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಿಲ್ಲದೆ ಗಂಭೀರ ಸ್ವರ ಹೊರಡುವುದಿಲ್ಲ ಎಂಬ ನಂಬಿಕೆಯನ್ನು ಮುರಿದು, ಗಾಳಿಯಾಡದಂತೆ ಮುಚ್ಚಿದ ಪುಟ್ಟ ಸ್ಪೀಕರ್ ಮಾಡಿದರು. ಒಳಗೆ ಸಿಕ್ಕಿಬಿದ್ದ ಗಾಳಿಯೇ ಅದಕ್ಕೆ ಸ್ಪ್ರಿಂಗು. ಇಂಗ್ಲೆಂಡಿನಲ್ಲಿ ಪೀಟರ್ ವಾಕರ್ ಅವರ ಕ್ವಾಡ್, ಸ್ವಿಂಡನ್ನಿನ ಗೆರಾರ್ಡ್, ಮುಂದೆ ಜಪಾನಿನ ಟೆಕ್ನಿಕ್ಸ್, ಸಾನ್ಸುಯಿ, ಪಯನಿಯರ್ ಹೀಗೆ ಸಾಲು ಬೆಳೆಯಿತು.

ನಮ್ಮಲ್ಲಿ ಆಗ ಇವೆಲ್ಲ ಗಗನಕುಸುಮ. ಆಮದಿಗೆ ಕಟ್ಟುನಿಟ್ಟು, ಬಂದರೂ ಭಾರಿ ಸುಂಕ. ರೇಡಿಯೊ ಇಟ್ಟುಕೊಂಡವರೇ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಬೇಕಿದ್ದ ಕಾಲ. ಆದ್ದರಿಂದ ಕರ್ನಾಟಕದ ಮನೆಗಳ ಅಟ್ಟದಿಂದ ಇವತ್ತು ಇಳಿಯುವ ಸಾಮಾನು ಮೂರು ಬಗೆಯದು. ಎಚ್‌ಎಂವಿ ಫಿಯೆಸ್ಟಾದಂಥ ಸೂಟ್‌ಕೇಸ್ ಪ್ಲೇಯರುಗಳು ಮತ್ತು ಮರ್ಫಿ, ಫಿಲಿಪ್ಸ್ ವಾಲ್ವ್ ರೇಡಿಯೊಗಳು ಒಂದು. ಕೋಲ್ಕತ್ತದ ಸೋನೊಡೈನ್, ಮುಂಬಯಿಯ ಕಾಸ್ಮಿಕ್ ಹೀಗೆ ದೇಶದೊಳಗೇ ತಯಾರಾದ ಸ್ಟೀರಿಯೊಗಳು ಇನ್ನೊಂದು. ಮೂರನೆಯದು ಗಲ್ಫಿನಿಂದಲೋ ಅಮೆರಿಕದಿಂದಲೋ ನಂಟರು ಹೊತ್ತು ತಂದದ್ದು. ಈ ಮೂರನೆಯದಕ್ಕೆ ಅದರದೇ ತಾಪತ್ರಯವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ವಾಲ್ವ್ ಸೆಟ್ಟು ಬಿಚ್ಚಿದಾಗ ಗಾಜಿನ ಮೇಲೆ ಬಿಇಎಲ್ ಎಂಬ ಅಕ್ಷರ ಕಂಡರೆ ಬೆರಗಾಗಬೇಡಿ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನದೇ ಅದು. ರಕ್ಷಣಾ ಪಡೆಗಳಿಗೆಂದು 1954ರಲ್ಲಿ ಹುಟ್ಟಿದ ಆ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವುಗಳನ್ನೂ ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ಮಾಡತೊಡಗಿತು. ದೇಶದ ಎಷ್ಟೋ ಮನೆಗಳಲ್ಲಿ ಸಿಲೋನ್ ರೇಡಿಯೊದ ಹಾಡು ಕೇಳಿಸಿದ್ದರ ಹಿಂದೆ ಜಾಲಹಳ್ಳಿಯ ಕೈಕೆಲಸವೂ ಇತ್ತು. ಬಿಇಎಲ್‌ನ ಇಎಲ್84 ವಾಲ್ವನ್ನು ವಿದೇಶದ ಹವ್ಯಾಸಿಗಳು ಈಗಲೂ ಹುಡುಕಿ ಕೊಳ್ಳುತ್ತಾರೆ. ಆದ್ದರಿಂದ ಅಂಥದ್ದು ಕಂಡರೆ, ಹಳತಾಯಿತೆಂದು ಕಿತ್ತು ಬಿಸಾಡುವ ಮೊದಲು ಪರೀಕ್ಷೆ ಮಾಡಿಸಿ. ವಾಲ್ವ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ.

ಇನ್ನು ಹೊಗೆಯ ವಿಚಾರ. ಹತ್ತಾರು ವರ್ಷ ಮುಟ್ಟದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಹಾಕಬಾರದು. ಒಳಗಿರುವ ಎಲೆಕ್ಟ್ರೊಲಿಟಿಕ್ ಕಂಡೆನ್ಸರೆಂದರೆ ಅಲ್ಯೂಮಿನಿಯಂ ಹಾಳೆಯ ಸುರುಳಿ, ನಡುವೆ ರಾಸಾಯನಿಕದಲ್ಲಿ ನೆನೆಸಿದ ಕಾಗದ. ಹಾಳೆಯ ಮೇಲಿನ ಆಕ್ಸೈಡಿನ ತೆಳುಪದರವೇ ಕರೆಂಟು ಹರಿಯದಂತೆ ತಡೆಯುವ ಗೋಡೆ. ಸೆಟ್ಟು ಬಳಕೆಯಲ್ಲಿದ್ದಾಗ ಆ ಪದರ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತಿರುತ್ತದೆ. ವರ್ಷಗಟ್ಟಲೆ ಕರೆಂಟು ಕಾಣದಿದ್ದರೆ ಕರಗುತ್ತ ಹೋಗುತ್ತದೆ. ಅಂಥ ಗೋಡೆಯ ಮೇಲೆ ಒಮ್ಮೆಲೇ 300 ವೋಲ್ಟ್ ನುಗ್ಗಿದರೆ ಕರೆಂಟು ಸೋರಿ, ಕಂಡೆನ್ಸರ್ ಕಾದು, ಕೆಲವೊಮ್ಮೆ ಒಡೆದೇ ಹೋಗುತ್ತದೆ. ಅದರ ಜೊತೆ ಟ್ರಾನ್ಸ್‌ಫಾರ್ಮರೂ ಸುಟ್ಟಿತೋ, ಅಗ್ಗದ ರಿಪೇರಿ ಅಲ್ಲಿಗೆ ಮುಗಿಯಿತು.

ಇದಕ್ಕೆ ನಮ್ಮ ಮೆಕ್ಯಾನಿಕ್‌ಗಳ ಬಳಿ ಹಳೆಯ ಉಪಾಯವಿದೆ, ಸೀರೀಸ್ ಬೋರ್ಡು. ಸೆಟ್ಟಿಗೆ ಹೋಗುವ ಫೇಸ್ ವೈರಿನ ನಡುವೆ ಒಂದು 60 ಅಥವಾ 100 ವ್ಯಾಟಿನ ಬಲ್ಬು ಸೇರಿಸುವುದು. ತಂತಿಯುಳ್ಳ ಹಳೆಯ ಹಳದಿ ಬಲ್ಬೇ ಬೇಕು, ಎಲ್‌ಇಡಿ ಆಗುವುದಿಲ್ಲ. ಸ್ವಿಚ್ ಹಾಕಿದೊಡನೆ ಬಲ್ಬು ಫಕ್ಕನೆ ಹೊತ್ತಿ ಮಂಕಾಯಿತೆಂದರೆ ಒಳಗೆ ದೊಡ್ಡ ಅನಾಹುತವಿಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಆಗಿದೆ, ಆರಿಸಿ. ಆಗ ಸೆಟ್ಟಿಗೆ ಬೀಳಬೇಕಾದ ಪೆಟ್ಟನ್ನೆಲ್ಲ ಬಲ್ಬೇ ತಿಂದಿರುತ್ತದೆ. ಡಿಮ್ಮರ್‌ಸ್ಟ್ಯಾಟ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಅದರ ಗುಬುಟು ತಿರುಗಿಸುತ್ತ ವೋಲ್ಟೇಜನ್ನು ನಿಧಾನವಾಗಿ ಏರಿಸಿದರೆ ಮುದಿ ಕಂಡೆನ್ಸರಿನ ಪದರಕ್ಕೆ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ.

ಹಾಗೆ ಚೇತರಿಸಿಕೊಂಡದ್ದನ್ನೂ ನಾನು ನಂಬುವುದಿಲ್ಲ, ಬದಲಿಸುತ್ತೇನೆ. ವಾಲ್ವ್ ಸೆಟ್ಟಿನಲ್ಲಿ ಮೊದಲು ಹೋಗಬೇಕಾದದ್ದು ಮೇಣ ಮೆತ್ತಿದ ಕಾಗದದ ಕಂಡೆನ್ಸರುಗಳು. ಅದರಲ್ಲೂ ಔಟ್‌ಪುಟ್ ವಾಲ್ವಿನ ಬಾಗಿಲಲ್ಲಿ ಕೂತಿರುವ ಕಪ್ಲಿಂಗ್ ಕಂಡೆನ್ಸರ್. ಅದು ಚೂರು ಸೋರಿದರೂ ವಾಲ್ವ್ ಹದ ತಪ್ಪಿ ಕೆಂಪಗೆ ಕಾಯುತ್ತದೆ. ಬದಲಿ ತರುವಾಗ ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿಯದು ಸಿಕ್ಕರೆ 85ರದ್ದು ಬೇಡ. ಎಲೆಕ್ಟ್ರೊಲಿಟಿಕ್ ಆದರೆ ಪ್ಲಸ್ ಮೈನಸ್ ತಿರುವುಮುರುವಾಗಬಾರದು. ಸೆರಾಮಿಕ್, ಮೈಕಾ ಕಂಡೆನ್ಸರುಗಳಿಗೆ ಮುಪ್ಪು ಬರುವುದು ಅಪರೂಪ, ಅವುಗಳನ್ನು ಸುಮ್ಮನೆ ಬಿಡಿ. ಒಂದೊಂದಾಗಿ ಬದಲಿಸಿ, ಪ್ರತಿ ಸಲವೂ ಹಾಡಿಸಿ ನೋಡಿ. ಮೂವತ್ತನ್ನೂ ಒಂದೇ ಏಟಿಗೆ ಕಿತ್ತು ಹೊಸತು ಜೋಡಿಸಿ, ಕೊನೆಗೆ ಸೆಟ್ಟು ಮೂಕವಾದರೆ ತಪ್ಪು ಎಲ್ಲಿದೆಯೆಂದು ಹುಡುಕುವುದು ಯಾರು?

ಎಚ್ಚರಿಕೆಯ ಎರಡು ಮಾತು ಹೇಳಲೇಬೇಕು. ಪ್ಲಗ್ ಕಿತ್ತ ಮೇಲೂ ವಾಲ್ವ್ ಸೆಟ್ಟಿನ ದೊಡ್ಡ ಕಂಡೆನ್ಸರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಇನ್ನು ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ರೇಡಿಯೊಗಳಲ್ಲಿ ಪ್ಲಗ್ ಹಾಕಿದ ರೀತಿಯ ಮೇಲೆ ಇಡೀ ತಗಡಿನ ಚೌಕಟ್ಟಿಗೇ ಫೇಸ್ ಬಂದಿರಬಹುದು. ಅಂಥವನ್ನು ಅನುಭವಸ್ಥರ ಕೈಗೆ ಕೊಡುವುದೇ ಸರಿ. ಬೆಸುಗೆ ಗೊತ್ತಿಲ್ಲದವರು ಶುರು ಮಾಡಬೇಕಾದದ್ದು ಟರ್ನ್‌ಟೇಬಲ್ ಮತ್ತು ಸ್ಪೀಕರಿನಿಂದ, ಆಂಪ್ಲಿಫೈಯರಿನಿಂದ ಅಲ್ಲ.

ಅಮೆರಿಕದ ನಂಟರು ತಂದ ಟರ್ನ್‌ಟೇಬಲ್ಲಿಗೆ ಬರೋಣ. ಅಲ್ಲಿಯದು 120 ವೋಲ್ಟ್ ಎಂದು ಎಲ್ಲರಿಗೂ ಗೊತ್ತು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದು ಹಾಕುತ್ತಾರೆ. ತಟ್ಟೆ ತಿರುಗುತ್ತದೆ, ಹಾಡು ಬರುತ್ತದೆ, ಆದರೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ದನಿ ಗಂಡಸಿನ ದನಿಯಂತೆ ಕೇಳುತ್ತದೆ! ಕಾರಣ, ಅಲ್ಲಿಯ ಕರೆಂಟು ಸೆಕೆಂಡಿಗೆ 60 ಸಲ ಆವರ್ತಿಸುತ್ತದೆ, ಇಲ್ಲಿಯದು 50 ಸಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಈ ಲೆಕ್ಕವನ್ನು ಬದಲಿಸುವುದಿಲ್ಲ. ಆ ಕಾಲದ ಸಿಂಕ್ರೊನಸ್ ಮೋಟಾರು ಕರೆಂಟಿನ ಹೆಜ್ಜೆಗೆ ಸರಿಯಾಗಿಯೇ ಹೆಜ್ಜೆ ಹಾಕುವುದರಿಂದ, ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ 27.8 ಸುತ್ತು ತಿರುಗುತ್ತದೆ. ಅಂದರೆ ಆರಕ್ಕೆ ಐದು. ಸಂಗೀತ ಬಲ್ಲವರಿಗೆ ಇದು ಕೂಡಲೇ ಹೊಳೆಯುತ್ತದೆ: ಆರಕ್ಕೂ ಐದಕ್ಕೂ ಇರುವ ಅಂತರವೇ ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ಅಂತರ. ಗಾಯಕಿ ಹಾಡಿದ ಗಾಂಧಾರ ಅವರದೇ ಷಡ್ಜದ ಜಾಗಕ್ಕೆ ಬಂದು ಕೂತಿರುತ್ತದೆ. ಇಡೀ ಕಚೇರಿ ಅಷ್ಟು ಕೆಳಗಿಳಿದು, ನಿಧಾನವಾಗಿ ನಡೆಯುತ್ತದೆ.

ಇದಕ್ಕೆ ಮದ್ದು ಮೋಟಾರಿನ ತುದಿಯಲ್ಲಿರುವ ಪುಲ್ಲಿ. 50 ಹರ್ಟ್ಸ್‌ನ ಪುಲ್ಲಿ ಐದಕ್ಕೆ ಆರರಷ್ಟು ದಪ್ಪ. ಕೆಲವು ಮಾದರಿಗಳಿಗೆ ಅದು ಬಿಡಿಭಾಗವಾಗಿ ಸಿಗುತ್ತದೆ, ಇಲ್ಲದಿದ್ದರೆ ಒಳ್ಳೆಯ ಲೇತ್ ಕೆಲಸದವರು ಹಿತ್ತಾಳೆಯಲ್ಲಿ ಕಡೆದು ಕೊಡಬಲ್ಲರು. ಜಪಾನಿನಿಂದ ಬಂದದ್ದಾದರೆ ಪುಣ್ಯ. ಆ ದೇಶದಲ್ಲಿ ಟೋಕಿಯೊ ಕಡೆ 50, ಒಸಾಕಾ ಕಡೆ 60 ಹರ್ಟ್ಸ್ ಆದ್ದರಿಂದ ಅವರ ಎಷ್ಟೋ ಯಂತ್ರಗಳಲ್ಲಿ ಎರಡಕ್ಕೂ ಏರ್ಪಾಡು ಇರುತ್ತದೆ. ಡಿಸಿ ಮೋಟಾರಿನವಕ್ಕೆ, ಟೆಕ್ನಿಕ್ಸ್ ಕಂಪನಿ 1970ರಲ್ಲಿ ತಂದ ಡೈರೆಕ್ಟ್ ಡ್ರೈವ್ ಬಗೆಯವಕ್ಕೆ ಈ ಗೊಡವೆಯೇ ಇಲ್ಲ.

ವೇಗ ಸರಿಯಿದೆಯೇ ಎಂದು ನೋಡಲು ಸ್ಟ್ರೋಬ್ ತಟ್ಟೆ ಎಂಬ ಗೆರೆಗಳ ಕಾಗದ ಸಿಗುತ್ತದೆ. ನಮ್ಮ ಕರೆಂಟಿಗೆ 180 ಗೆರೆಯದು, ಅಮೆರಿಕದ್ದಕ್ಕೆ 216. ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನಡಿ ತಿರುಗಿಸಿದಾಗ ಗೆರೆಗಳು ನಿಂತಲ್ಲೇ ನಿಂತಂತೆ ಕಂಡರೆ ವೇಗ ಸರಿ. ಆದರೆ ವೇಗ ಸರಾಸರಿಯಲ್ಲಿ ಸರಿಯಿದ್ದೂ ಒಳಗೊಳಗೇ ತೊನೆಯುತ್ತಿರಬಹುದು. ಅದನ್ನು ಹಿಡಿಯಲು ತಂಬೂರಿಗಿಂತ ಸೂಕ್ಷ್ಮವಾದ ಸಾಧನವನ್ನು ನಾನಂತೂ ಕಂಡಿಲ್ಲ. ಚಲನಚಿತ್ರ ಗೀತೆಯಲ್ಲಿ ವಾದ್ಯಗಳ ಗಲಾಟೆಯೊಳಗೆ ತೊನೆತ ಮರೆಯಾಗಿಬಿಡುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಆಲಾಪ ಶುರುವಾಗುವ ಮುಂಚಿನ ಬರಿಯ ತಂಬೂರಿ ಹಾಕಿ ಕೇಳಿ. ಷಡ್ಜ ಕೂದಲೆಳೆಯಷ್ಟು ಅಲುಗಿದರೂ ಕಿವಿ ಹೇಳುತ್ತದೆ. ಅಲುಗಾಟ ಸುತ್ತಿಗೊಮ್ಮೆ ಬರುತ್ತಿದ್ದರೆ ರೆಕಾರ್ಡಿನ ನಡುವಿನ ತೂತು ಓರೆಯಾಗಿದೆ ಅಥವಾ ರೆಕಾರ್ಡು ಸೊಟ್ಟಗಿದೆ. ಸುತ್ತಿನೊಳಗೇ ಹಲವು ಸಲ ಬಂದರೆ ಬೆಲ್ಟು ಸಡಿಲಾಗಿದೆ, ಇಲ್ಲವೇ ಗೆರಾರ್ಡಿನಂಥ ಯಂತ್ರದಲ್ಲಿ ರಬ್ಬರಿನ ಗಾಲಿ ಒಂದೇ ಕಡೆ ಒತ್ತಿಕೊಂಡು ತಗ್ಗು ಬಿದ್ದಿದೆ. ಮೋಟಾರಿನ ಬೇರಿಂಗಿಗೆ ಹಳೆಯ ಗ್ರೀಸು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ತೊಟ್ಟು ಬಿಟ್ಟರೆ ಅರ್ಧ ಕಾಯಿಲೆ ವಾಸಿ. ಕೊಬ್ಬರಿ ಎಣ್ಣೆ ಬಿಟ್ಟವರೂ ಇದ್ದಾರೆ. 24 ಡಿಗ್ರಿಗೆ ಹೆಪ್ಪುಗಟ್ಟುವ ಆ ಎಣ್ಣೆಯನ್ನು ಬೆಂಗಳೂರಿನ ಡಿಸೆಂಬರಿನಲ್ಲಿ ನೆನೆಸಿಕೊಳ್ಳಿ.

ಸ್ಪೀಕರಿನ ಕೆಲಸ ಇನ್ನೊಂದು ಥರ. ಕೆಲವು ವರ್ಷಗಳ ಹಿಂದೆ ಉಡುಪಿ ಕಡೆಯಿಂದ ಒಂದು ಜೋಡಿ ನನ್ನ ಮೇಜಿಗೆ ಬಂತು. ಮುಂದಿನ ಬಟ್ಟೆ ತೆಗೆದು ಕಾಗದದ ಶಂಕುವಿನ ಅಂಚು ಮುಟ್ಟಿದರೆ ಫೋಮು ಕಪ್ಪು ಜಿಗುಟು ಪುಡಿಯಾಗಿ ಬೆರಳಿಗೆ ಹತ್ತಿತು. ಪಾಲಿಯುರಿಥೇನ್ ಫೋಮಿನ ಹಣೆಬರಹವೇ ಅಷ್ಟು. ಗಾಳಿಯ ತೇವಕ್ಕೆ ಅದು ಕೊಳೆಯುತ್ತದೆ, ಕರಾವಳಿಯಲ್ಲಿ ಇನ್ನೂ ಬೇಗ. ಬಟ್ಟೆಯ ಅಥವಾ ರಬ್ಬರಿನ ಅಂಚು ಇದ್ದವು ಹೆಚ್ಚು ಕಾಲ ಬಾಳುತ್ತವೆ. ಅಳತೆಗೆ ತಕ್ಕ ಹೊಸ ಫೋಮು ತರಿಸಿದೆ. ಹಳೆಯದನ್ನು ಮೊಂಡು ಚಾಕುವಿನಿಂದ ಕೆರೆದು, ಸ್ಪಿರಿಟ್ ಹಚ್ಚಿ ಒರೆಸಿ, ಚೌಕಟ್ಟನ್ನು ಬರಿದು ಮಾಡುವುದಕ್ಕೇ ಒಂದು ಮಧ್ಯಾಹ್ನ ಬೇಕಾಯಿತು. ಮುಖ್ಯ ಕೆಲಸ ಆಮೇಲಿನದು. ಶಂಕುವಿನ ಬುಡದಲ್ಲಿರುವ ತಂತಿಯ ಸುರುಳಿ ಅಯಸ್ಕಾಂತದ ಕಿಂಡಿಯಲ್ಲಿ ಯಾವ ಪಕ್ಕಕ್ಕೂ ತಾಗದೆ ಆಡಬೇಕು, ಆ ಕಿಂಡಿಯೋ ಮಿಲಿಮೀಟರಿನ ಒಂದಂಶ. ನಡುವಿನ ಟೊಪ್ಪಿಯನ್ನು ಬ್ಲೇಡಿನಿಂದ ಎಬ್ಬಿಸಿ, ಹಳೆಯ ಎಕ್ಸ್‌ರೇ ಫಿಲ್ಮನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಸುರುಳಿಯ ಸುತ್ತ ನಾಲ್ಕು ದಿಕ್ಕಿಗೆ ಸಿಕ್ಕಿಸಿದೆ. ಆಗ ಸುರುಳಿ ನಟ್ಟನಡುವೆ ನಿಲ್ಲುತ್ತದೆ. ಆಮೇಲೆ ಅಂಚಿಗೆ ಅಂಟು, ಮೇಲೆ ಬಟ್ಟೆಗೆ ಹಾಕುವ ಕ್ಲಿಪ್ಪುಗಳ ಸಾಲು, ಒಂದು ರಾತ್ರಿ ವಿಶ್ರಾಂತಿ. ಬೆಳಿಗ್ಗೆ ಪಟ್ಟಿಗಳನ್ನು ಎಳೆದು ತೆಗೆದು, ಎರಡೂ ಕೈಯ ಬೆರಳುಗಳಿಂದ ಶಂಕುವನ್ನು ಮೆಲ್ಲನೆ ಒತ್ತಿ ಬಿಟ್ಟು ಕಿವಿಗೊಡಬೇಕು. ಮರಳು ತಿಕ್ಕಿದ ಸದ್ದು ಬಂದರೆ ಮತ್ತೆ ಮೊದಲಿಂದ. ಬರಲಿಲ್ಲವೆಂದರೆ ಟೊಪ್ಪಿ ಅಂಟಿಸಿ ಹಾಡು ಹಾಕುವುದಷ್ಟೇ ಬಾಕಿ. ಈ ಕೆಲಸಕ್ಕೆ ಬೆಸುಗೆ ಬೇಡ, ಮೀಟರು ಬೇಡ, ತಾಳ್ಮೆಯೊಂದಿದ್ದರೆ ಸಾಕು.

ರೆಕಾರ್ಡುಗಳ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ, ಎಲ್ಲವೂ ಒಂದೇ ಎಂದು. ಎಲ್‌ಪಿ, ಇಪಿಗಳು ಪ್ಲಾಸ್ಟಿಕ್. 78 ಸುತ್ತಿನ ಹಳೆಯ ಪ್ಲೇಟುಗಳು ಅರಗು ಬೆರೆಸಿದವು, ಪಾಂಡವರಿಗೆ ಕಟ್ಟಿಸಿದ ಮನೆಯ ಅದೇ ಅರಗು. ಲೋಕದ ಪ್ಲೇಟುಗಳಿಗೆಲ್ಲ ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ನಮ್ಮ ದೇಶದಿಂದ. ಬಡಗಿಗಳು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮರಕ್ಕೆ ಪಾಲಿಶ್ ಕೊಡುತ್ತಾರಲ್ಲ, ಆದ್ದರಿಂದಲೇ 78ರ ಪ್ಲೇಟನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಹಾಡೂ ಕರಗಿಹೋಗುತ್ತದೆ. ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಒಂದು ತೊಟ್ಟು ಹಾಕಿ, ಮೆತ್ತನೆಯ ಬಟ್ಟೆಯಿಂದ ಗೆರೆ ಸಾಗಿದ ದಿಕ್ಕಿನಲ್ಲೇ ಒರೆಸಿ, ಲೇಬಲ್ ನೆನೆಯಬಾರದು. ಕೋಲ್ಕತ್ತದ ಬಳಿಯ ದಮ್‌ದಮ್‌ನ ಎಚ್‌ಎಂವಿ ಕಾರ್ಖಾನೆಯಲ್ಲಿ 1960ರ ದಶಕದಲ್ಲೂ 78ರ ಪ್ಲೇಟು ಒತ್ತುತ್ತಿದ್ದರು. ಬೀಟಲ್ಸ್ ಹಾಡುಗಳು ಕೂಡ ಹಾಗೆ ಬಂದಿವೆ, ವಿದೇಶಿ ಸಂಗ್ರಾಹಕರು ಅವಕ್ಕೆ ಬಾಯಿಬಾಯಿ ಬಿಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1930ರ ದಶಕದ 'ಗಾಂಧಾರಿ ಹುಬ್ಬಳ್ಳಿ' ಎಂಬ ಲೇಬಲ್ಲು. ಗಂಗೂಬಾಯಿ ಹಾನಗಲ್ ಅವರ ಆರಂಭದ ಮುದ್ರಿಕೆಗಳು ಹೊರಬಂದದ್ದು ಆ ಹೆಸರಿನಲ್ಲಿ. ಅಂಥದ್ದು ಸಿಕ್ಕರೆ ಎಲ್‌ಪಿಯ ಮುಳ್ಳಿನಲ್ಲಿ ಹಾಡಿಸಬೇಡಿ. 78ರ ಗೆರೆ ಸುಮಾರು ಮೂರರಷ್ಟು ಅಗಲ. ಎಲ್‌ಪಿಯ ಮುಳ್ಳು ತಳಕ್ಕಿಳಿದು ಕಸ ಕೆದಕುತ್ತದೆ. 78ಕ್ಕೆಂದೇ ಮಾಡಿದ ಮುಳ್ಳು ಹಾಕಿದರೆ ಕರಕರ ತಗ್ಗಿ ದನಿ ಮುಂದೆ ಬರುತ್ತದೆ.

ಎಲ್‌ಪಿಗೆ ಬೇಕಾದ ವಜ್ರದ ಮುಳ್ಳೂ ಶಾಶ್ವತವಲ್ಲ. ಒಂದು ಬದಿ ಮುಗಿಯುವಷ್ಟರಲ್ಲಿ ಅದು ಸುಮಾರು ಅರ್ಧ ಕಿಲೋಮೀಟರು ಗೆರೆಯಲ್ಲಿ ಓಡಿರುತ್ತದೆ. 1000 ಗಂಟೆಯ ಆಸುಪಾಸಿಗೆ ಬದಲಿಸುವುದು ರೆಕಾರ್ಡಿನ ಆರೋಗ್ಯಕ್ಕೆ ಒಳ್ಳೆಯದು. ಹಳೆಯ ಸೆಟ್ಟಿನ ಮುಳ್ಳು ಎಷ್ಟು ಓಡಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ, ಆದ್ದರಿಂದ ಮೊದಲ ಖರ್ಚು ಅದೇ ಆಗಲಿ.

ಇನ್ನೊಂದು ಫಜೀತಿ. ಮ್ಯಾಗ್ನೆಟಿಕ್ ಕಾರ್ಟ್ರಿಜ್ (ಮುಳ್ಳು ಕೂತಿರುವ ಡಬ್ಬಿ) ಇರುವ ಟರ್ನ್‌ಟೇಬಲ್ಲನ್ನು ಈಗಿನ ಆಂಪ್ಲಿಫೈಯರಿನ ಆಕ್ಸ್ ತೂತಿಗೆ ಚುಚ್ಚಿದರೆ ಸೊಳ್ಳೆ ಹಾಡಿದಂತೆ ಕೇಳುತ್ತದೆ. ಅದರಿಂದ ಬರುವುದು ಸುಮಾರು 5 ಮಿಲಿವೋಲ್ಟ್, ಸಿಡಿ ಪ್ಲೇಯರಿನದು 2 ವೋಲ್ಟ್. ಜೊತೆಗೆ ರೆಕಾರ್ಡ್ ಕೊರೆಯುವಾಗ ಮಂದ್ರ ಸ್ವರಗಳನ್ನು ತಗ್ಗಿಸಿ, ತಾರದ್ದನ್ನು ಏರಿಸಿರುತ್ತಾರೆ. ಮಂದ್ರವನ್ನು ಇದ್ದಂತೆಯೇ ಕೊರೆದರೆ ಗೆರೆ ಅಗಲವಾಗಿ ಓಲಾಡಿ ಪಕ್ಕದ ಗೆರೆಗೆ ನುಗ್ಗುತ್ತದೆ. ಎಷ್ಟು ತಗ್ಗಿಸಬೇಕೆಂಬುದು ಕಂಪನಿಗೊಂದು ಬಗೆಯಾಗಿತ್ತು, 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಆರ್‌ಐಎಎ ಅದಕ್ಕೊಂದು ಒಪ್ಪಿತ ಅಳತೆ ತಂದಿತು. ಹಳೆಯ ಸೆಟ್ಟಿನ 'ಫೋನೊ' ಕಿಂಡಿಯ ಹಿಂದಿರುವ ಸರ್ಕ್ಯೂಟು ಇದನ್ನು ತಿರುಗಿಸಿ ಸರಿಮಾಡುತ್ತದೆ. ಅದಿಲ್ಲದಿದ್ದರೆ ಪುಟ್ಟ ಫೋನೊ ಪ್ರಿಆಂಪ್ ಪ್ರತ್ಯೇಕವಾಗಿ ಕೊಳ್ಳಬೇಕು. ಫಿಯೆಸ್ಟಾದಂಥವುಗಳ ಸೆರಾಮಿಕ್ ಕಾರ್ಟ್ರಿಜ್‌ಗೆ ಇದರ ಹಂಗಿಲ್ಲ.

ಕೊಳ್ಳುವವರಿಗೆ ಎರಡು ಮಾತು. ಪ್ರವಾಸಿ ತಾಣಗಳಲ್ಲಿ ಫಳಫಳ ಹೊಳೆಯುವ ಹಿತ್ತಾಳೆ ಕೊಂಬಿನ 'ಆಂಟಿಕ್' ಗ್ರಾಮಫೋನ್ ಮಾರುತ್ತಾರಲ್ಲ, ಅವುಗಳಲ್ಲಿ ಬಹುಪಾಲು ಅಲ್ಲೊಂದು ಇಲ್ಲೊಂದು ಭಾಗ ಸೇರಿಸಿ ಇತ್ತೀಚೆಗೆ ಜೋಡಿಸಿದವು. ಮೇಜಿನ ಅಲಂಕಾರಕ್ಕೆ ಅಡ್ಡಿಯಿಲ್ಲ. ಅದರ ಉಕ್ಕಿನ ಮುಳ್ಳಿನ ಕೆಳಗೆ ಎಲ್‌ಪಿಯನ್ನು ಮಾತ್ರ ಇಡಬೇಡಿ, ಒಂದೇ ಸಲಕ್ಕೆ ಉಳುಮೆಯಾಗುತ್ತದೆ. ಇನ್ನು ವ್ಯಾಟಿನ ಮೋಹ. ಪಿಎಂಪಿಒ ಎಂಬ ಮಾಯಾ ಲೆಕ್ಕದಲ್ಲಿ ಅಂಗೈಯಗಲದ ಡಬ್ಬಕ್ಕೆ 1000 ವ್ಯಾಟ್ ಎಂದು ಬರೆದು ಮಾರಿದ ಕಾಲವನ್ನು ನಾವು ಕಂಡಿದ್ದೇವೆ. ಎರಡು ಇಎಲ್84 ಜೋಡಿಯಾಗಿ ದುಡಿದರೆ ಬರುವುದು ಹದಿನೈದು ವ್ಯಾಟಿನ ಸುತ್ತಮುತ್ತ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯಲ್ಲಿ ಹಿತವಾಗಿ ಕೇಳುವಾಗ ಅದರಲ್ಲೂ ಒಂದೆರಡು ವ್ಯಾಟಷ್ಟೇ ಖರ್ಚಾಗುತ್ತದೆ. ವಾಲ್ವಿನ ದನಿಯಲ್ಲಿ ಏನೋ ದೈವಿಕವಾದದ್ದಿದೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಒಳ್ಳೆಯ ಟ್ರಾನ್ಸ್‌ಫಾರ್ಮರ್, ದೊಡ್ಡ ಶಂಕುವಿನ ಸ್ಪೀಕರ್, ಗಟ್ಟಿ ಪೆಟ್ಟಿಗೆ ಇರುವ ಯಾವ ಕಾಲದ ಸೆಟ್ಟೂ ಚೆನ್ನಾಗಿಯೇ ಹಾಡುತ್ತದೆ. ಇವತ್ತು ಅಷ್ಟು ತಾಮ್ರ, ಅಷ್ಟು ಮರ ಹಾಕಿ ಹೊಸತು ಮಾಡಿದರೆ ಅದನ್ನು ಕೊಳ್ಳಲು ಕಿಸೆ ಗಟ್ಟಿಯಿರಬೇಕು, ಅಷ್ಟೇ ವ್ಯತ್ಯಾಸ.

ಸರಿಯಾದ ಸೆಟ್ಟನ್ನು ಎಲ್ಲಿಡಬೇಕು? ಸ್ಪೀಕರುಗಳನ್ನು ಮೂಲೆಗೆ ತುರುಕಬೇಡಿ, ಗೋಡೆಯಿಂದ ಒಂದೆರಡಡಿ ಮುಂದಿರಲಿ, ನೀವು ಕೂರುವ ಜಾಗದೊಂದಿಗೆ ಸೇರಿ ಸಮಬಾಹು ತ್ರಿಕೋನವಾಗಲಿ. ಎತ್ತರದ ಸ್ವರ ಕೊಡುವ ಪುಟ್ಟ ಸ್ಪೀಕರು ಕಿವಿಯ ಮಟ್ಟಕ್ಕೆ ಬರಲಿ. ಟರ್ನ್‌ಟೇಬಲ್ಲನ್ನು ಸ್ಪೀಕರ್ ಪೆಟ್ಟಿಗೆಯ ಮೇಲೆ ಇಟ್ಟರೆ ಅದರ ಅದುರು ಮುಳ್ಳಿಗೆ ಹತ್ತಿ ಗುಂಯ್‌ಗುಡುತ್ತದೆ. ವಾಲ್ವ್ ಸೆಟ್ಟಿನ ಹಿಂದೆ ಗಾಳಿಯಾಡಲು ಜಾಗ ಬಿಡಿ. ಹಿಂಭಾಗದಲ್ಲಿ ವೋಲ್ಟೇಜ್ ಆಯ್ಕೆ ಇದ್ದರೆ 220ರಲ್ಲಿ ಬಿಡದೆ 240ಕ್ಕೆ ತಿರುಗಿಸಿ, ರಾತ್ರಿ ಹೊತ್ತು ವೋಲ್ಟೇಜ್ ಏರುವ ಬಡಾವಣೆಗಳಲ್ಲಂತೂ ಇದು ಕಡ್ಡಾಯ. ಮಳೆಗಾಲದಲ್ಲಿ, ಮುಖ್ಯವಾಗಿ ಮಲೆನಾಡು ಕರಾವಳಿಯಲ್ಲಿ, ವಾರಕ್ಕೊಂದು ದಿನವಾದರೂ ಅರ್ಧ ಗಂಟೆ ಹಾಡಿಸಿ. ಒಳಗಿನ ಕಾವಿಗೆ ತೇವ ಆರುತ್ತದೆ, ಸ್ವಿಚ್ಚುಗಳು ಕಿಲುಬು ಕಟ್ಟುವುದಿಲ್ಲ, ಕಂಡೆನ್ಸರಿನ ಪದರವೂ ಕರಗದೆ ಉಳಿಯುತ್ತದೆ. ಯಾವ ಹಾಡು ಎಂಬುದು ಮನೆಯವರ ಜಗಳಕ್ಕೆ ಬಿಟ್ಟದ್ದು.